ಆಫಲಿಯ ಧರಣಿ

೧೯೯೮ರ ಆಗಸ್ಟ್. ಆ ಶನಿವಾರ ನನಗೆ ಮನೆಯಿಂದ ಹೊರಗೆ ಕಾಲಿಡುವ ಮನಸ್ಸೇ ಇರಲಿಲ್ಲ. ಲ್ಯಾಬ್ ಟೆಕ್ನಿಶಿಯನ್ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಫೇಲಾಗಿದ್ದೆ. ಇಲ್ಲಿ ಅಮೆರಿಕದಲ್ಲಿ, ಲಿವೋನಿಯಾ ಊರಿನ ಪರೀಕ್ಷಾ ಕೇಂದ್ರದಲ್ಲಿ ಒಂಬತ್ತಕ್ಕೆ ಕೊಡಬೇಕಾದ ಪ್ರಶ್ನೆಪತ್ರಿಕೆಯನ್ನು ಒಂಬತ್ತೂ ಹತ್ತಕ್ಕೆ ಕೊಟ್ಟು, ಹನ್ನೆರಡಾದದ್ದೇ ಕಿತ್ತುಕೊಂಡಿದ್ದರು. ನನ್ನ ಐದು ಪ್ರಶ್ನೆ ಹಾಗೇ ಉಳಿದಿದ್ದವು. ಸೆಪ್ಟೆಂಬರ್ ಮುಗಿಯುವುದರೊಳಗೆ ಪಾಸಾಗದಿದ್ದರೆ ನನಗಾಗಿ ಹಿಡಿದಿಟ್ಟಿದ್ದ ಆಸ್ಪತ್ರೆಯ ಕೆಲಸ ಬೇರೆಯವರ ಪಾಲು.

“ಬಿಡ ನೀಲಾ, ಮುಂದಿನ ವರ್ಷ ಬರದ್ರಾತು,” ಎಂದರು ನಮ್ಮ ಮನೆಯವರು, ಕಲ್ಲಿನಾಥ. ವಿಕ್ಸಮ್‌ನ ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿ ಕೂದಲೆಳೆಯಷ್ಟು ಅಳತೆ ತಪ್ಪಿದರೂ ಇವರಿಗೆ ಊಟ ಸೇರುವುದಿಲ್ಲ. ನನ್ನ ಹತ್ತು ನಿಮಿಷವನ್ನು ಮಾತ್ರ ನಾನು ಬಿಟ್ಟುಬಿಡಬೇಕಂತೆ!

ಮುಖ ಊದಿಸಿಕೊಂಡೇ ಅವರ ಜೊತೆ ಹೋದೆ. ಅವರ ಸಹೋದ್ಯೋಗಿ ಡೂಲಿ ಐರ್ಲೆಂಡಿನ ಆಫಲಿ ಸೀಮೆಯವರು. ಐರಿಷ್ ಕ್ಲಬ್ಬಿನ ಟಿವಿಯಲ್ಲಿ ಅವರ ಸೀಮೆಯ ತಂಡದ ಹರ್ಲಿಂಗ್ ಎಂಬ ಕೋಲು-ಚೆಂಡಿನಾಟದ ಸೆಮಿಫೈನಲ್ ನೋಡಲು ಕರೆದಿದ್ದರು. ಎದುರಾಳಿ ಕ್ಲೇರ್, ಹಿಂದಿನ ವರ್ಷದ ಚಾಂಪಿಯನ್. ಮೊದಲ ಸಲ ಸಮನಾಗಿದ್ದರಿಂದ ಇದು ಎರಡನೆಯ ಆಟ.

ಚಿಣ್ಣಿದಾಂಡು ಆಡಿ ಬೆಳೆದವಳು ನಾನು, ಕೋಲಿನಾಟ ಎಂದರೆ ಏನು ಮಹಾ ಅಂದುಕೊಂಡಿದ್ದೆ. ಐದು ನಿಮಿಷದಲ್ಲಿ ನನ್ನ ಸಿಟ್ಟು ಎಲ್ಲಿ ಹೋಯಿತೋ! ಗಾಳಿಯಲ್ಲಿ ಹಾರುವ ಚೆಂಡನ್ನು ಹಾಗೇ ಕೋಲಿನಿಂದ ಬಾರಿಸುತ್ತಾರೆ. ಓಡುತ್ತಲೇ ಚೆಂಡನ್ನು ಕೋಲಿನ ತುದಿಯಲ್ಲಿ ಕೂರಿಸಿಕೊಳ್ಳುತ್ತಾರೆ. ಎಷ್ಟೋ ಜನರ ತಲೆಗೆ ಹೆಲ್ಮೆಟ್ ಕೂಡ ಇಲ್ಲ. ಮನುಷ್ಯರ ಕಣ್ಣಿಗೂ ಕೈಗೂ ಇಷ್ಟು ಸಾಧ್ಯವೇ ಎಂದು ಬಾಯಿ ಬಿಟ್ಟು ಕೂತೆ.

ಆಫಲಿ ಮೂರು ಪಾಯಿಂಟ್ ಹಿಂದಿತ್ತು. ಒಂದು ಗೋಲಿಗೆ ಮೂರು ಪಾಯಿಂಟ್, ಹೊಡೆದರೆ ಸಮ. ಅಷ್ಟರಲ್ಲಿ ರೆಫರಿ ಸೀಟಿ ಊದಿಬಿಟ್ಟ.

“ಇನ್ನೂ ಎರಡು ನಿಮಿಷ ಇದೆ,” ಎಂದರು ಡೂಲಿ, ವಾಚು ನೋಡಿಕೊಳ್ಳುತ್ತ. ಯಾರೂ ಏನೂ ಮಾಡುವಂತಿರಲಿಲ್ಲ. ಅವರು ಟೋಪಿ ಹಾಕಿಕೊಂಡು ಎದ್ದರು.

ಆಗ ಟಿವಿಯಲ್ಲಿ ಜನ ಮೈದಾನಕ್ಕೆ ಇಳಿಯತೊಡಗಿದರು. ಹೊಡೆದಾಟವೇ ಎಂದುಕೊಂಡೆ. ಅಲ್ಲ. ಹೆಂಗಸರು, ಮುದುಕರು, ಮಕ್ಕಳು ಹುಲ್ಲಿನ ಮೇಲೆ ಕೂತುಬಿಟ್ಟರು. ಏಳಲೇ ಇಲ್ಲ.

“ಧರಣಿ!” ಎಂದು ಕೂಗಿದೆ. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಏನದು?” ಎಂದರು ಡೂಲಿ.

“ನ್ಯಾಯ ಸಿಗೋ ತನಕ ಏಳದೆ ಕೂರೋದು. ಕೂತ್ಕೊಳ್ಳಿ, ಆಟ ಮುಗಿದಿಲ್ಲ.”

ಹೇಳಿಬಿಟ್ಟೆ, ಆದರೆ ನನಗೇ ನಂಬಿಕೆಯಿರಲಿಲ್ಲ. ನಾನು ಹತ್ತು ವರ್ಷದವಳಿದ್ದಾಗ ಅಪ್ಪ ನಮ್ಮ ಓಣಿಗೊಂದು ನೀರಿನ ನಳ ಬೇಕೆಂದು ಪುರಸಭೆಯ ಕಚೇರಿಯ ಮುಂದೆ ಮೂರು ದಿನ ಒಬ್ಬನೇ ಕೂತಿದ್ದ. ದಿನಾ ನಾನೇ ರೊಟ್ಟಿ ಒಯ್ಯುತ್ತಿದ್ದೆ. ನಳ ಬರಲಿಲ್ಲ. ಓಣಿಯವರು ಅಪ್ಪನನ್ನು ‘ನಳದ ಗಾಂಧಿ’ ಎಂದು ನಕ್ಕರು, ನಾನು ನಾಚಿಕೆಯಿಂದ ಸತ್ತೆ.

ಮಂಗಳವಾರ ಡೂಲಿ ಫೋನ್ ಮಾಡಿದರು. “ಧರಣಿ ಗೆದ್ದಿತು! ಶನಿವಾರ ಮತ್ತೆ ಆಟ. ಎರಡು ನಿಮಿಷವಲ್ಲ, ಮೊದಲಿನಿಂದ ಪೂರ್ತಿ!” ನನಗೆ ಮೈ ಜುಮ್ಮೆಂದಿತು. ಕೂತರೆ ಏಳಿಸಲು ಯಾರಾದರೂ ಬಂದೇ ಬರುತ್ತಾರೆ, ಆದರೆ ಕೂತವರಿಗೆ ಇಡೀ ಆಟವನ್ನೇ ಹಿಂದಕ್ಕೆ ಕೊಡುವವರೂ ಇದ್ದಾರೆಯೇ?

ಬುಧವಾರ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು, ಒಂದು ಜಮಖಾನೆ ಹಿಡಿದು ಪರೀಕ್ಷಾ ಕೇಂದ್ರಕ್ಕೆ ಡ್ರೈವ್ ಮಾಡಿದೆ. ಕೌಂಟರಿನ ಮುಂದೆ ಜಮಖಾನೆ ಹಾಸಿ ಕೂತೆ. ಕೌಂಟರಿನ ಹುಡುಗಿ ಗಾಬರಿಯಾಗಿ ಓಡಿಬಂದಳು. “ಬಿದ್ದಿರಾ? ಆಂಬುಲೆನ್ಸ್ ಕರೀಲಾ?” ಅಮೆರಿಕದಲ್ಲಿ ನೆಲದ ಮೇಲೆ ಕೂತವರು ಬಿದ್ದವರೇ ಆಗಿರಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಅವಳು ನೀರು ತಂದುಕೊಟ್ಟಳು, ನಾನು ಕುಡಿದೆ.

“ನನ್ನ ಹತ್ತು ನಿಮಿಷ ಬೇಕು,” ಎಂದೆ.

ಮ್ಯಾನೇಜರ್ ಬಂದ, ದೂರು ಬರೆದುಕೊಡಿ ಎಂದ, ಒಳಗೆ ಹೋದ. ನಾನು ಏಳಲಿಲ್ಲ. ಕಾಲು ಜೋಮು ಹಿಡಿಯಿತು. ನಲವತ್ತು ನಿಮಿಷದ ಮೇಲೆ ನನ್ನ ಪರೀಕ್ಷೆಯ ದಿನದ ಹಾಳೆ ಹಿಡಿದು ಮತ್ತೆ ಬಂದ. ಶುರು ಒಂಬತ್ತೂ ಹತ್ತು, ಮುಕ್ತಾಯ ಹನ್ನೆರಡು ಎಂದು ಅವರ ಕೈಬರಹದಲ್ಲೇ ಇತ್ತು. ಅಷ್ಟೆತ್ತರದ ಮನುಷ್ಯ, ಟೈ ಕಟ್ಟಿದವ, ಮಂಡಿಯೂರಿ ನನ್ನ ಎದುರಿಗೆ ಜಮಖಾನೆಯ ಮೇಲೆ ಕೂತ.

“ತಪ್ಪು ನಮ್ಮದು. ಸೆಪ್ಟೆಂಬರ್ ಹನ್ನೆರಡಕ್ಕೆ ಬನ್ನಿ. ಪೂರ್ತಿ ಪರೀಕ್ಷೆ.”

ಹನ್ನೆರಡಕ್ಕೆ ಪೂರ್ತಿ ಬರೆದೆ. ಹದಿಮೂರಕ್ಕೆ, ಆ ಮರು ಆಟವನ್ನೂ ಗೆದ್ದು ಫೈನಲ್ ಸೇರಿದ್ದ ಆಫಲಿ ಇಡೀ ಐರ್ಲೆಂಡಿನ ಕಪ್ ಎತ್ತಿತು. ಡೂಲಿ ಕ್ಲಬ್ಬಿನ ನೆಲದ ಮೇಲೆ ಕೂತು ಅತ್ತರು. ಇಪ್ಪತ್ತೈದಕ್ಕೆ ನನ್ನ ಪಾಸಿನ ಕಾಗದ ಬಂತು.

ಅಪ್ಪನಿಗೆ ಫೋನ್ ಮಾಡಿದೆ. “ಯಪ್ಪಾ, ನಾ ಇಲ್ಲಿ ಧರಣಿ ಕುಂತಿದ್ನಿ.”

“ಅಮೆರಿಕಾದಾಗ? ಎಷ್ಟ ದಿನಾ?”

“ನಲವತ್ತ ನಿಮಿಷ.”

“ನಲವತ್ತ ನಿಮಿಷ,” ಎಂದು ಅಪ್ಪ ತನ್ನಷ್ಟಕ್ಕೇ ಹೇಳಿಕೊಂಡ.

“ನಳಾ ಬಂತೇನವಾ?”

“ಬಂತ ಯಪ್ಪಾ,” ಎಂದೆ. “ಬಂತು.”