ಅನಸವ್ವನ ಬೆನ್ನಿಗೆ ಕೆಂಪು ಬಿಲ್ಲೆ

ಬನಹಟ್ಟಿಯ ನೇಕಾರ ಶಂಕರೆಪ್ಪನ ತಲೆಯಲ್ಲಿ ನಾಲ್ಕು ದಿನದಿಂದ ಒಂದೇ ಗೊಂದಲ. ಗಾಡಿಗೆ ಬುದ್ಧಿ ಬರುವುದೆಂದರೆ ಏನು?

ರಬಕವಿಯಿಂದ ನೂಲು ಸುತ್ತಿದ ಬೀಮನ್ನು, ಅಂದರೆ ಮಗ್ಗದ ದೊಡ್ಡ ಉರುಳೆಯನ್ನು, ಕೈಗಾಡಿಯ ಮೇಲೆ ತರುವುದು ಅವನ ಪ್ರತಿ ಶನಿವಾರದ ಕೆಲಸ. ಮುಂದೆ ಅವನು ಎಳೆಯುತ್ತಾನೆ, ಹಿಂದೆ ಹೆಂಡತಿ ಅನಸವ್ವ ನೂಕುತ್ತಾಳೆ. ಬೀಮು ಕೈಗೆ ಸಿಗುವಾಗಲೇ ಹೊತ್ತು ಇಳಿದಿರುತ್ತದೆ. ಹೋದ ವಾರ ಹಿಂದಿನಿಂದ ಬಂದ ಲಾರಿಯೊಂದು ಕಿರ್ರೆಂದು ಬ್ರೇಕು ಹಾಕಿ ಅನಸವ್ವನಿಂದ ಒಂದೇ ಮೊಳ ದೂರದಲ್ಲಿ ನಿಂತಿತು. ಬೆಚ್ಚಿಬಿದ್ದವಳ ಕೈ ಬೀಮಿಗೆ ಬಡಿದು ಬಳೆ ಒಡೆದವು. ಅವಳು ಬೈಯಲಿಲ್ಲ, ಅಳಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿದಳು. ಶಂಕರೆಪ್ಪ ಆ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಬರುವ ಶನಿವಾರವೂ ಗಾಡಿಯ ಹಿಂದೆ ಇರುವವಳು ಅವಳೇ.

ಸುದ್ದಿ ಕೇಳಿ ರಸ್ತೆ ಇಲಾಖೆಯ ಮೇಸ್ತ್ರಿ ಗಿರಿಮಲ್ಲಪ್ಪ ಬಂದು, ಗಾಡಿಯ ಹಿಂದೆ ಹಚ್ಚಲು ಎರಡು ಕೆಂಪು ಬಿಲ್ಲೆ ಕೊಟ್ಟಿದ್ದ. ಕೊಟ್ಟು ಸುಮ್ಮನೆ ಹೋಗದೆ, ಜಮಖಂಡಿಯಲ್ಲಿ ನಡೆದ ಇಲಾಖೆಯ ಸಭೆಯಲ್ಲಿ ಕೇಳಿದ್ದನ್ನೂ ಹೇಳಿದ್ದ.

"ಹೊರದೇಶದಾಗ ರಸ್ತೆ ಇಲಾಖೆದವರೆಲ್ಲ ಕೂಡಿ ಬುದ್ಧಿವಂತ ಗಾಡಿ ಮಾಡಸಾಕತ್ತಾರ. ಮುಂದ ಮಂದಿ ಅದಾರಂದ್ರ ಗಾಡೀನ ಡ್ರೈವರಗ ಎಚ್ಚರ ಕೊಡತೈತಂತ."

ಶಂಕರೆಪ್ಪನಿಗೆ ಈ ಮಾತೂ ಆ ಬಿಲ್ಲೆಯೂ ಕಲಸಿಹೋದವು. ಬಿಲ್ಲೆಯೊಳಗೇ ಆ ಬುದ್ಧಿ ಇದೆ ಎಂದುಕೊಂಡ. ನೂಲಿನ ಕೋಣೆಗೆ ಹೋಗಿ ಬಾಗಿಲು ಹಾಕಿ, ಕತ್ತಲಲ್ಲಿ ಬಿಲ್ಲೆ ಹಿಡಿದು ಅರ್ಧ ತಾಸು ಕುಳಿತ.

"ಒಳಗೇನ ಮಾಡಾಕತ್ತೀರಿ?" ಅನಸವ್ವ ಹೊರಗಿನಿಂದ ಕೇಳಿದಳು.

"ಬಿಲ್ಲಿ ಯಾವಾಗ ಹತ್ತತಾವು ನೋಡಾಕತ್ತೇನಿ. ಸತ್ತಾವು ಇವು. ಸೆಲ್ಲ ಮುಗದಿರಬೇಕು."

ಎರಡನ್ನೂ ನೂಲು ಸುತ್ತುವ ಕಂಡಿಕೆಗಳ ಬುಟ್ಟಿಗೆ ಎಸೆದ.

ಶುಕ್ರವಾರ ಸಂಜೆ ಬಂದ ಗಿರಿಮಲ್ಲಪ್ಪ ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕ. ಅದೇ ಕೋಣೆಗೆ ಹೋಗಿ ಕೈಬ್ಯಾಟರಿಯ ಬೆಳಕು ಬಿಟ್ಟ. ಬುಟ್ಟಿಯೊಳಗಿನ ಬಿಲ್ಲೆಗಳು ಕೆಂಡದ ಹಾಗೆ ಹೊಳೆದವು.

"ಇದರಾಗ ಸೆಲ್ಲ ಇಲ್ಲೋ ಮಾರಾಯ. ಬ್ಯಾರೇದವರ ಬೆಳಕ ಬಿದ್ರ, ಹೊಳ್ಳಿ ಅವರ ಕಣ್ಣಿಗೇ ಕೊಡತೈತಿ."

"ಹಂಗಾದ್ರ ಬುದ್ಧಿ ಎಲ್ಲೈತಿ?"

"ಅದು ಗಾಡಿ ಮಾತು, ಬಿಲ್ಲಿ ಮಾತಲ್ಲ. ನಿನ್ನ ಮಗ್ಗ ಹೊಕ್ಕಿನ ಎಳಿ ಕಡದ್ರ ತಾನ ನಿಂದರತೈತಲ್ಲ, ಹೆಂಗ?"

"ಫೋರ್ಕ ಐತಲ್ಲ, ಮುಳ್ಳಿನಂಥಾ ಕಡ್ಡಿ. ಅದಕ್ಕ ಎಳಿ ತಾಗಲಿಲ್ಲಂದ್ರ ಮಗ್ಗ ನಿಲ್ಲಸತೈತಿ."

"ಅಂಥದ್ದ ಒಂದು ಲಾರಿಗೆ ಕೂಡಸತಾರ. ದೇಶಕ್ಕೊಂದ ನಮೂನಿ ಆಗಬಾರದಂತ ಎಲ್ಲಾರೂ ಕೂಡಿ ಮಾತಾಡಾಕತ್ತಾರ. ಸಾಂಗಲಿ ಲಾರಿ ಗಡಿ ದಾಟಿ ಇಲ್ಲಿ ಬಂದ್ರೂ ಕೆಂಪಂದ್ರ ಎಚ್ಚರಂತ ತಿಳೀಬೇಕಲ್ಲ, ಹಂಗ."

ಶಂಕರೆಪ್ಪ ತಲೆ ಕೆರೆದುಕೊಂಡ. "ಲಾರಿಗೇ ಬುದ್ಧಿ ಬಂದ ಮ್ಯಾಲೆ ನನಗ ಬಿಲ್ಲಿ ಯಾಕ ಬೇಕು?"

"ಅವು ಬನಹಟ್ಟಿಗೆ ಯಾವಾಗ ಬರತಾವೋ ನನಗೂ ಗೊತ್ತಿಲ್ಲ. ನಾಳಿ ಬರೂ ಲಾರಿಗೆ ಇರೂದು ಡ್ರೈವರನ ಎರಡ ಕಣ್ಣು. ಆ ಕಣ್ಣಿಗೆ ಕಾಣೂದೇನರ ಕೊಡಬೇಕಲ್ಲೋ."

ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೂ ಶಂಕರೆಪ್ಪ ಸುತ್ತಿಗೆ ತಂದು ಅಂಗಳದಲ್ಲಿದ್ದ ಗಾಡಿಯ ಹಿಂಬದಿಯ ಹಲಗೆಗೆ ಎರಡೂ ಬಿಲ್ಲೆ ಬಡಿದ. ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಅನಸವ್ವ ಬಂದು ದಿನದಂತೆ ಹಲಗೆಗೆ ಎರಡೂ ಕೈ ಕೊಟ್ಟು ನಿಂತಳು.

"ಈಗ ಬ್ಯಾಟರಿ ಬಿಡ್ರಿ ಮೇಸ್ತ್ರೀರ."

ಬೆಳಕು ಬಿದ್ದದ್ದು ಅವಳ ಕಪ್ಪು ಇಳಕಲ್ ಸೀರೆಯ ಮೇಲೆ. ಬಿಲ್ಲೆ ಎರಡೂ ಅವಳ ಮೈಯ ಮರೆಯಲ್ಲಿದ್ದವು.

"ಗಾಡಿದು ಆತು. ನಾ ಕಾಣೂದ ಹೆಂಗ?" ಅಂದಳು.

ಗಿರಿಮಲ್ಲಪ್ಪ ಬ್ಯಾಟರಿ ಆರಿಸಿದ. ಜಮಖಂಡಿಯ ಸಭೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಶಂಕರೆಪ್ಪನಿಗಂತೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇಷ್ಟು ವರ್ಷ ಅವನು ಬೀಮಿಗೆ ಮಣ್ಣು ತಾಗೀತೆಂದು ಹಿಂದೆ ತಿರುಗಿ ನೋಡಿದ್ದನೇ ಹೊರತು, ಇವಳನ್ನು ನೋಡಿರಲಿಲ್ಲ.

ಮೊಳೆ ಕಿತ್ತ. ಒಂದು ಬಿಲ್ಲೆಯನ್ನು ಅವಳ ಮೈಗೆ ಮರೆಯಾಗದಂತೆ ಗಾಡಿಯ ಬಲ ಅಂಚಿಗೆ ಬಡಿದ. ಇನ್ನೊಂದಕ್ಕೆ, ಹಿಂದಿನ ಬೀಮು ನೇಯ್ದು ಮುಗಿದಾಗ ಉಳಿದಿದ್ದ ಬಿಳಿ ಬಟ್ಟೆಯ ತುಂಡು ಕತ್ತರಿಸಿ, ತಾನೇ ಸೂಜಿ ಹಿಡಿದು ಅಗಲವಾದ ಪಟ್ಟಿ ಹೊಲಿದು, ಅವಳ ಬೆನ್ನಿಗೆ ಕಟ್ಟಿದ.

"ಹಬ್ಬಕ್ಕ ಹೊಸಾ ಸೀರಿ ಅಂದಿದ್ರಿ, ಬಿಲ್ಲಿ ಕಟ್ಟಿದ್ರಿ," ಎಂದು ಅನಸವ್ವ ನಕ್ಕಳು. ಒಂದು ವಾರದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಶನಿವಾರ ಮುಸ್ಸಂಜೆ ಗಾಡಿ ರಬಕವಿ ಬಿಟ್ಟಿತು. ಅರ್ಧ ದಾರಿಯಲ್ಲಿ ಹಿಂದೆ ಲಾರಿಯ ಸದ್ದು. ಶಂಕರೆಪ್ಪ ಗಾಡಿಯನ್ನು ರಸ್ತೆಯ ಎಡ ಅಂಚಿಗೆ ಎಳೆದ. ಸದ್ದು ಹತ್ತಿರವಾಯಿತು, ಆಮೇಲೆ ಗೇರು ಇಳಿಯಿತು, ಲಾರಿ ದೂರದಿಂದಲೇ ಬಲಕ್ಕೆ ಸರಿದು ಮೆಲ್ಲಗೆ ದಾಟಿಹೋಯಿತು.

"ಅನಸಿ, ಹಿಂದ ಅದೀ ಏನ?"

"ಅದೇನಿ. ಎಳೀರಿ."

ಲಾರಿಗೆ ಬುದ್ಧಿ ಇತ್ತೋ, ಡ್ರೈವರನಿಗಿತ್ತೋ, ಶಂಕರೆಪ್ಪನಿಗೆ ಇವತ್ತಿಗೂ ಗೊಂದಲವೇ. ಆದರೆ ಬಿಲ್ಲೆ ಕಟ್ಟದೆ ಅವನು ಗಾಡಿ ಎಳೆಯುವುದಿಲ್ಲ.

ಓದುವ ಅಣ್ಣಂದಿರೆ, ಅಕ್ಕಂದಿರೆ, ಬುದ್ಧಿವಂತ ಗಾಡಿಗಳು ಬರುವಾಗ ಬರಲಿ. ಕೈಗಾಡಿಯಿರಲಿ, ಚಕ್ಕಡಿಯಿರಲಿ, ಕಬ್ಬಿನ ಟ್ರೇಲರ್ ಇರಲಿ, ಇಂದೇ ಹಿಂದೆ ಕೆಂಪು ಬಿಲ್ಲೆ ಹಚ್ಚಿರಿ. ಹಚ್ಚಿ ಹತ್ತು ಹೆಜ್ಜೆ ಹಿಂದೆ ಹೋಗಿ, ಬ್ಯಾಟರಿ ಬಿಟ್ಟು ನೋಡಿರಿ. ನಿಮ್ಮ ಗಾಡಿಯ ಹಿಂದೆ ನಡೆಯುವವರು ಯಾರು? ಮೊದಲು ಅವರು ಕಾಣಬೇಕು.