ಕೆಂಪು ಹೊಟ್ಟೆಯ ನೊಣ

ಹೊಟ್ಟೆ ಕೊಯ್ಯುವುದೇ ಅವಳ ಕಸುಬು. ಮನುಷ್ಯರದ್ದಲ್ಲ, ಮರಳು ನೊಣಗಳದ್ದು. ಗಂಡ ಹಳ್ಳಿಗಳ ಕೊಟ್ಟಿಗೆ ಸುತ್ತಿ ಗಾಜಿನ ಕೊಳವೆಯಲ್ಲಿ ನೊಣ ಹಿಡಿದು ತರುತ್ತಿದ್ದ. ಅವಳು ಪ್ರಯೋಗಾಲಯದಲ್ಲಿ ಕೂತು, ಸೊಳ್ಳೆಗಿಂತಲೂ ಚಿಕ್ಕದಾದ ಆ ಜೀವದ ಕರುಳನ್ನು ಸೂಜಿಯಿಂದ ಹೊರಗೆಳೆದು, ಅದರೊಳಗೆ ಜ್ವರ ತರುವ ಪರೋಪಜೀವಿಗಳಿವೆಯೇ ಎಂದು ನೋಡುತ್ತಿದ್ದಳು. "ಒಳ್ಳೇ ಸಂಸಾರ ನಿಮ್ಮದು! ಅವರು ತರೋದು, ನೀನು ಹೆಚ್ಚೋದು," ಎಂದು ಜೊತೆಯವರು ರೇಗಿಸುತ್ತಿದ್ದರು.

ಒಬ್ಬಳೇ ಮಗಳು. ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ಅವಳಿಗೆ ನೊಣದ್ದೇ ಚಿಂತೆ.

"ಅಪ್ಪಾ, ಅವು ಯಾಕೆ ರಕ್ತ ಕುಡಿಯುತ್ವೆ?"

"ಎಲ್ಲವೂ ಕುಡಿಯಲ್ಲ ಪುಟ್ಟಾ. ಗಂಡು ನೊಣ ಪಾಪ, ಗಿಡದ ರಸ ಹೀರ್ಕೊಂಡಿರುತ್ತೆ. ಹೆಣ್ಣಿಗೆ ಮೊಟ್ಟೆ ಇಡೋಕೆ ರಕ್ತ ಬೇಕು."

"ಮಕ್ಕಳಿಗೋಸ್ಕರಾನಾ? ಹಾಗಾದ್ರೆ ಸ್ವಲ್ಪ ಕುಡೀಲಿ ಬಿಡು."

ಗುಬ್ಬಿಗೆ ಜ್ವರ ಬಂದಾಗ ಯಾರಿಗೂ ಅನುಮಾನ ಬರಲಿಲ್ಲ. ಮರಳು ನೊಣದ ಜ್ವರ ಕೊಟ್ಟಿಗೆಗಳ ಕಾಯಿಲೆ, ಪೇಟೆಯ ಬೀದಿಗೆ ಬಾರದು ಎಂದೇ ಎಲ್ಲರ ನಂಬಿಕೆ. ವೈದ್ಯರು ಬೇರೆ ಬೇರೆ ಜ್ವರದ ಔಷಧಿ ಕೊಟ್ಟು ನೋಡಿದರು. ಹೊಟ್ಟೆಯ ಎಡಗಡೆಯ ಗುಲ್ಮ ಊದಿ ಕೈಗೆ ಗಟ್ಟಿಯಾಗಿ ಸಿಗುವ ಹೊತ್ತಿಗೆ ಕಾಲ ಮಿಂಚಿತ್ತು. ಮಗು ತನ್ನ ಕೋಣೆಯಲ್ಲೇ, ಅಮ್ಮನ ತೊಡೆಯ ಮೇಲೆ ಕಣ್ಣು ಮುಚ್ಚಿತು.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಗಂಡ ಆ ಕೋಣೆಯ ಗೋಡೆಗೆ ಮುಖಮಾಡಿ ನಿಂತಿದ್ದ. ಕೈಯಲ್ಲಿ ಕೊಳವೆ. ಒಳಗೊಂದು ನೊಣ, ಹೊಟ್ಟೆ ಕಡುಕೆಂಪಾಗಿ ಉಬ್ಬಿತ್ತು.

"ಇಲ್ಲಿ ಅವಳೊಬ್ಬಳೇ ಮಲಗ್ತಿದ್ದಿದ್ದು. ಇದು ಅವಳದೇ ರಕ್ತ ಕಣೇ." ಅವನು ಕೊಳವೆಯನ್ನು ಬೆಳಕಿಗೆ ಹಿಡಿದ. "ಇಟ್ಕೊಳ್ಳೋಣ. ಸಕ್ಕರೆ ನೀರು ಕೊಟ್ರೆ ಬದುಕುತ್ತೆ."

"ಎಷ್ಟು ದಿನ ರೀ? ಆ ರಕ್ತ ಅರಗಿಹೋಗುತ್ತೆ. ಆಮೇಲೆ ಅದು ಬರೀ ನೊಣ."

"ಅರಗೋವರೆಗಾದ್ರೂ ಇರಲಿ."

ಗೋಡೆಯಾಚೆ ಪಕ್ಕದ ಮನೆಯ ಕೂಸು ಕೇಕೆ ಹಾಕಿತು. ಅವಳು ತಟ್ಟನೆ ಗೋಡೆಯ ಕಡೆ ತಿರುಗಿದಳು. ಕಾಯಿಲೆ ಈ ಗೋಡೆಯ ಬಿರುಕಿನಲ್ಲೇ ಇದ್ದರೆ? ಮಗಳ ಕಾಯಿಲೆ ಪತ್ತೆಯಾದಾಗಲೇ, ಬೀದಿಗೆ ನೊಣದ ಔಷಧಿ ಹೊಡೆಯಿರಿ ಎಂದು ಬೇಡಿದ್ದಕ್ಕೆ ಆರೋಗ್ಯಾಧಿಕಾರಿ, "ಯಾವುದೋ ನೊಣ ನಿಮ್ಮ ಯಜಮಾನರ ಬಟ್ಟೆಗೆ ಅಂಟ್ಕೊಂಡು ಬಂದಿರಬೇಕು, ಬೀದಿಗೆಲ್ಲ ಯಾಕೆ?" ಎಂದು ಕೈ ಆಡಿಸಿಬಿಟ್ಟಿದ್ದರು.

"ಬೀದೀಲೇ ಕಾಯಿಲೆ ಇದೆ ಅಂತ, ಇದನ್ನ ಕೊಯ್ದು ತೋರಿಸದೆ ಯಾರೂ ನಂಬಲ್ಲ," ಎಂದಳು.

"ಬೇರೆ ಯಾರಾದ್ರೂ ಕೊಯ್ಯಲಿ."

"ಇದನ್ನ ಬೇರೆಯವರ ಕೈಗೆ ಕೊಡ್ಲಾ? ನಾನೇ ಕೊಯ್ತೀನಿ."

ಅವನು ಕೊಳವೆಯನ್ನು ಅವಳ ಅಂಗೈಯಲ್ಲಿಟ್ಟ.

ಪ್ರಯೋಗಾಲಯದಲ್ಲಿ ಜೊತೆಯವರು ಎದ್ದು ಜಾಗ ಬಿಟ್ಟುಕೊಟ್ಟರು. ಅವಳು ನೊಣವನ್ನು ಮಂಜುಗಡ್ಡೆಯ ಮೇಲಿಟ್ಟು ಮರಗಟ್ಟಿಸಿ, ಉಪ್ಪುನೀರಿನ ಹನಿಯಲ್ಲಿಟ್ಟು, ಸೂಜಿಯಿಂದ ಮೆಲ್ಲನೆ ಎಳೆದಳು. ಕರುಳು ಒಡೆದು ರಕ್ತ ನೀರಿನಲ್ಲಿ ಹೊಗೆಯಂತೆ ಹರಡಿತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಾಲವಾಡಿಸುವ ಸಣ್ಣ ಜೀವಿಗಳು ಒತ್ತೊತ್ತಾಗಿ ಮುಸುರಿದ್ದವು; ಗಂಟಲ ಬಳಿಯಂತೂ ಬಿರಡೆಯಂತೆ ಕಟ್ಟಿಕೊಂಡಿದ್ದವು. ಹಾಗೆ ಗಂಟಲು ಕಟ್ಟಿದ ನೊಣಕ್ಕೆ ಕುಡಿದದ್ದು ಸರಾಗವಾಗಿ ಇಳಿಯುವುದಿಲ್ಲ. ಹಸಿವು ತೀರದೆ ಮತ್ತೆ ಮತ್ತೆ ಕಚ್ಚುತ್ತದೆ. ಮಗಳ ತೋಳಿನ ಮೇಲೆ ಸಾಲಾಗಿ ಎದ್ದಿದ್ದ ಗುಳ್ಳೆಗಳು, ಅವುಗಳಿಗೆ ತಾನು ಮುಲಾಮು ಸವರಿದ್ದು ಕಣ್ಣಿಗೆ ಕಟ್ಟಿತು.

"ಇದೆ," ಎಂದಳು ಎದ್ದು ನಿಂತು.

ಬೀದಿಯ ಮನೆಮನೆಗೂ ಔಷಧಿ ಹೊಡೆದರು, ಬಿರುಕು ಮುಚ್ಚಿದರು. ಪಕ್ಕದ ಮನೆಯ ಕೂಸಿಗೆ ಜ್ವರ ಕಾಣಿಸಿದಾಗ ತಡಮಾಡದೆ ಪರೀಕ್ಷೆಯಾಯಿತು, ಬದುಕಿಕೊಂಡಿತು. ಅದರ ತಾಯಿ ಬಂದು ಕೈ ಹಿಡಿದು ಅತ್ತಳು. ಇವಳು ಕೂಸಿನ ತಲೆ ಸವರಿ ಕಳಿಸಿ, ಬಾಗಿಲು ಹಾಕಿಕೊಂಡು ಅಲ್ಲೇ ನೆಲದ ಮೇಲೆ ಕೂತಳು.

ಗಂಡ ಮತ್ತೆ ಕೊಟ್ಟಿಗೆಗಳಿಗೆ ಹೋಗಲಿಲ್ಲ. ಉಗ್ರಾಣದ ಕೆಲಸ ಕೇಳಿ ಪಡೆದ. ಒಂದು ದಿನ ಊಟದ ನಡುವೆ, ತಟ್ಟೆಯಿಂದ ತಲೆಯೆತ್ತದೆ ಕೇಳಿದ:

"ಎಷ್ಟಿತ್ತು... ಅವಳದು?"

"ಸಾಸಿವೆ ಕಾಳಿನಷ್ಟೂ ಇರಲಿಲ್ಲ ರೀ."

"ಒರೆಸಿಬಿಟ್ಯಾ?"

"ಇಲ್ಲ. ಒಣಗೋವರೆಗೂ ಪಕ್ಕದಲ್ಲೇ ಕೂತಿದ್ದೆ."

ಅವನು ಎಡಗೈಯಿಂದ ಅವಳ ಬೆರಳುಗಳನ್ನು ಮುಚ್ಚಿ ಹಿಡಿದ. ಅನ್ನ ಆರಿಹೋಯಿತು.