ಆಂಬ್ರೋಸ್ ಅಗೆದ ನೆಲ

ಮದುವೆಯಾಗಿ ಡೆವನ್ ಸೀಮೆಯ ಹಳ್ಳಿಗೆ ಬಂದ ಆಂಬ್ರೋಸ್‌ಗೆ ಹೆಂಡತಿ ಹೆಸ್ಟರಳ ಹುಲ್ಲು ಹೊದಿಸಿದ ಹಳೇ ಮನೆ ತುಂಬ ಹಿಡಿಸಿತು. ಆದರೆ ಅವನು ಆರಡಿ ಮೀರಿದ ಆಳು. ಅಡುಗೆಮನೆಯ ಓಕ್ ತೊಲೆಗೆ ದಿನಾ ಹಣೆ ಬಡಿಯುತ್ತಿತ್ತು.

"ಈ ತೊಲೆ ಕತ್ತರಿಸಿಬಿಡ್ಲೇನೇ?" ಎಂದು ಕೇಳಿದ.

"ಮುನ್ನೂರು ವರ್ಷದಿಂದ ಮಾಳಿಗೆ ಹೊತ್ತಿರೋದು ಅದು. ಬೇಕಾದ್ರೆ ನಿನ್ನ ಕಾಲು ಕತ್ತರಿಸ್ಕೋ!" ಎಂದಳು ಹೆಸ್ಟರ್.

ಆಂಬ್ರೋಸ್ ತೊಲೆ ಬಿಟ್ಟು ನೆಲಕ್ಕೆ ಕೈಹಾಕಿದ. ಹಲಗೆ ಕಿತ್ತು ಮಣ್ಣು ಅಗೆದರೆ ಗೇಣು ಆಳದಲ್ಲಿ ಗುದ್ದಲಿ ಠಣ್ಣೆಂದಿತು. ಸವೆದು ನುಣುಪಾದ ಕಲ್ಲುಚಪ್ಪಡಿಗಳು! ಮನೆ ಕಟ್ಟಿದವರ ನೆಲ ಅದೇ. ಆಮೇಲಿನವರು ತೇವಕ್ಕೆ ಹೆದರಿ ಮಣ್ಣು ತುಂಬಿ ಏರಿಸಿದ್ದರು.

ಮಣ್ಣೆಲ್ಲ ಹೊರಹಾಕಿ ಆಂಬ್ರೋಸ್ ತೊಲೆಯ ಕೆಳಗೆ ನೆಟ್ಟಗೆ ನಿಂತ. ಕೂದಲೂ ತಾಗಲಿಲ್ಲ.

"ನೋಡಿದ್ಯಾ, ನನ್ನಂಥೋರಿಗೇ ಕಟ್ಟಿದ ಮನೆ!" ಎಂದು ಬೀಗಿದ.

"ಹಾಗಾದ್ರೆ ನೆಲ ಒರೆಸೋದೂ ನಿಂದೇ," ಎಂದು ನಗುತ್ತ ಹೆಸ್ಟರ್ ಬಿಸಿ ಚಹಾ ಕೈಗಿತ್ತಳು.